ಸಂಧಿ ಬಿಡಿಸಲು ಬಂದರೆ ಉದ್ದದ ಇಂಗ್ಲಿಷ್ ಪದವನ್ನೂ ಬಿಡಿಸಬಹುದು

ಉದ್ದದ ಇಂಗ್ಲಿಷ್ ಪದ ಕಂಡರೆ ಎಷ್ಟೋ ಮಕ್ಕಳು ಓದುವುದಿಲ್ಲ, ಊಹಿಸುತ್ತಾರೆ. ಮೊದಲ ಮೂರು ಅಕ್ಷರ ನೋಡುತ್ತಾರೆ, ಕೊನೆಗೆ 'ಷನ್' ಇದೆ ಎಂದು ಗೊತ್ತು ಮಾಡಿಕೊಳ್ಳುತ್ತಾರೆ, ನಡುವಿನದನ್ನು ಹಾರಿಸಿ ಏನೋ ಒಂದು ಹೇಳಿಬಿಡುತ್ತಾರೆ. 'ಕಾನ್‌ಸ್ಟಿಟ್ಯೂಷನ್' ಇದ್ದ ಕಡೆ 'ಕಾನ್ಸಂಟ್ರೇಷನ್' ಬಂದು ಕೂರುತ್ತದೆ. ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಈ ಕಷ್ಟ ಸ್ವಲ್ಪ ಜಾಸ್ತಿ. ಸೊರಬದಿಂದಲೋ ತೀರ್ಥಹಳ್ಳಿಯಿಂದಲೋ ಪಿಯುಸಿ ಸೈನ್ಸ್‌ಗೆಂದು ಶಿವಮೊಗ್ಗಕ್ಕೆ ಬಂದ ಹುಡುಗರು ಬಯಾಲಜಿ ಪುಸ್ತಕ ತೆರೆದ ದಿನ ಇದು ಚೆನ್ನಾಗಿ ಗೊತ್ತಾಗುತ್ತದೆ.

ಆದರೆ ಇದೇ ಮಕ್ಕಳು ಕನ್ನಡ ಪಿರಿಯಡ್‌ನಲ್ಲಿ 'ಮಳೆಗಾಲ'ವನ್ನು ಮಳೆ + ಕಾಲ ಎಂದು ಬಿಡಿಸಿ, ಆದೇಶ ಸಂಧಿ ಎಂದು ಹೆಸರನ್ನೂ ಹೇಳುತ್ತಾರೆ. ಪದ್ಯದ ಸಾಲಿಗೆ ಪ್ರಸ್ತಾರ ಹಾಕಿ ಲಘು, ಗುರು ಗುರುತಿಸುತ್ತಾರೆ. ಉದ್ದದ ಇಂಗ್ಲಿಷ್ ಪದ ಓದಲು ಬೇಕಾದ್ದು ಬಹುಮಟ್ಟಿಗೆ ಈ ಎರಡೇ ವಿದ್ಯೆ. ಹೊಸದಾಗಿ ಕಲಿಯುವುದು ಕಮ್ಮಿ, ಗೊತ್ತಿರುವುದನ್ನು ಈ ಕಡೆ ತಿರುಗಿಸಿಕೊಳ್ಳುವುದು ಜಾಸ್ತಿ.

ಶುರು ಮಾಡುವ ಮೊದಲು ಒಂದು ನೋಟ್‌ಬುಕ್, ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ. ಇಲ್ಲಿ ಎಲ್ಲ ಪದಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಒಂದೊಂದು ಪದ ಬಂದಾಗಲೂ ನೀವು ಅದನ್ನು ಇಂಗ್ಲಿಷಿನಲ್ಲಿ ಬರೆದು, ಗೆರೆ ಎಳೆದು ತುಂಡು ಮಾಡುತ್ತಾ ಹೋಗಿ. ಸುಮ್ನೆ ಓದಿಕೊಂಡು ಹೋದರೆ ಇದು ತಲೆಗೆ ಹತ್ತುವುದಿಲ್ಲ.

ತುಂಡು ಮಾಡುವ ರೀತಿ ಎರಡು

ಸಿಲಬಲ್ ಅಂದರೆ ಧ್ವನಿಯ ತುಂಡು. ಒಂದು ಸ್ವರದ ಧ್ವನಿ, ಅದರ ಹಿಂದೆ ಮುಂದೆ ಅಂಟಿಕೊಂಡ ವ್ಯಂಜನಗಳು, ಅಷ್ಟೇ. ಪದದ ಮೊದಲಿಗೆ ಸೇರುವ ಪ್ರಿಫಿಕ್ಸ್, ಮೂಲ ತುಂಡಾದ ರೂಟ್, ಕೊನೆಗೆ ಸೇರುವ ಸಫಿಕ್ಸ್, ಇವು ಅರ್ಥದ ತುಂಡುಗಳು. ಈ ಎರಡನ್ನೂ ಕಲಸಿಬಿಟ್ಟರೆ ಗೊಂದಲ ಶುರು.

'ಎಲಿಫೆಂಟ್' ಪದಕ್ಕೆ ಸಿಲಬಲ್ ಮೂರು. ಅರ್ಥದ ತುಂಡು ಒಂದೇ, ಆನೆಯನ್ನು ಮತ್ತೆ ಬಿಡಿಸಲು ಬರುವುದಿಲ್ಲ. 'ವಾಕ್ಡ್' ಇದಕ್ಕೆ ಉಲ್ಟಾ. ಸಿಲಬಲ್ ಒಂದೇ, ಆದರೆ ಅರ್ಥದ ತುಂಡು ಎರಡು: ವಾಕ್ ಮತ್ತು ಭೂತಕಾಲದ ಇ-ಡಿ. ನಮ್ಮ ಕಡೆ ಎಷ್ಟೋ ಜನ ಇದನ್ನು 'ವಾಕೆಡ್' ಅನ್ನುತ್ತಾರೆ, ಅಲ್ವಾ? ಆ ಇ-ಡಿ ಬೇರೆ ಸಿಲಬಲ್ ಆಗುವುದು ಕ್ರಿಯಾಪದ ಟಿ ಅಥವಾ ಡಿ ಧ್ವನಿಯಲ್ಲಿ ಮುಗಿದಾಗ ಮಾತ್ರ. ವಾಂಟೆಡ್, ನೀಡೆಡ್ ಸರಿ. ಪ್ಲೇಡ್, ಜಂಪ್ಡ್, ಕುಕ್ಡ್ ಒಂದೊಂದೇ ಸಿಲಬಲ್.

ಎರಡು ಬಗೆಯ ತುಂಡುಗಳೂ ಒಂದೇ ಪದದಲ್ಲಿ ಕಾಣಬೇಕಾದರೆ 'ಟ್ರಾನ್ಸ್‌ಪ್ಲಾಂಟೇಷನ್' ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಕಣ್ಣಿಗೆ ಗಾಬರಿ ಹುಟ್ಟಿಸುವಷ್ಟು ಉದ್ದ. ಆದರೆ ಆಷಾಢದ ಮಳೆಯಲ್ಲಿ ಗದ್ದೆಗಿಳಿದವರಿಗೆಲ್ಲ ಗೊತ್ತಿರುವ ಕೆಲಸ ಇದು: ಭತ್ತದ ನಾಟಿ. ಸಸಿ ಮಡಿಯಿಂದ ಕಿತ್ತು ಇನ್ನೊಂದು ಕಡೆ ನೆಡುವುದು. 'ಟ್ರಾನ್ಸ್' ಅಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ, 'ಪ್ಲಾಂಟ್' ಅಂದರೆ ನೆಡು, ಕೊನೆಯ 'ಏಷನ್' ಕ್ರಿಯೆಯನ್ನು ಹೆಸರಾಗಿ ಮಾಡುತ್ತದೆ. ಅರ್ಥದ ತುಂಡು ಮೂರು. ಈಗ ಬಾಯಲ್ಲಿ ಹೇಳಿ ನೋಡಿ: ಟ್ರಾನ್ಸ್-ಪ್ಲಾನ್-ಟೇ-ಷನ್. ಸಿಲಬಲ್ ನಾಲ್ಕು. 'ಪ್ಲಾಂಟ್'ನ ಕೊನೆಯ ಟಿ ಮುಂದಿನ ತುಂಡಿಗೆ ಹಾರಿಬಿಟ್ಟಿದೆ. ಅರ್ಥಕ್ಕೆ ಎಳೆದ ಗೆರೆ ಟಿ ಆದಮೇಲೆ, ಧ್ವನಿಗೆ ಎಳೆದ ಗೆರೆ ಟಿ ಮೊದಲು. ಎರಡೂ ಸರಿಯೇ. ಆಸ್ಪತ್ರೆಯಲ್ಲಿ ಕಿಡ್ನಿ ಕಸಿ ಮಾಡುವುದಕ್ಕೂ ಇದೇ ಪದ, ಇದೇ ಅರ್ಥ.

ಮೊದಲು ಎಣಿಸಿ

ಗಲ್ಲದ ಕೆಳಗೆ ಅಂಗೈ ಇಡಿ. ಪದವನ್ನು ನಿಧಾನಕ್ಕೆ ಹೇಳಿ. ಗಲ್ಲ ಎಷ್ಟು ಸಲ ಕೈಗೆ ತಾಗಿತೋ, ಸಾಧಾರಣವಾಗಿ ಅಷ್ಟು ಸಿಲಬಲ್. ಚಪ್ಪಾಳೆ ತಟ್ಟಿ ಎಣಿಸುವ ಪದ್ಧತಿಯೂ ಇದೆ. ನನಗೇನೋ ಗಲ್ಲದ ಲೆಕ್ಕವೇ ಮೇಲು. ಚಪ್ಪಾಳೆ ತಟ್ಟುವಾಗ ಕೈ ತನ್ನಷ್ಟಕ್ಕೆ ತಾಳ ಹಿಡಿದುಬಿಡುತ್ತದೆ, ಒಂದು ಹೆಚ್ಚು ಬಿದ್ದರೂ ಗೊತ್ತಾಗುವುದಿಲ್ಲ.

ಸ್ಪೆಲ್ಲಿಂಗ್‌ನಲ್ಲಿರುವ ಸ್ವರಾಕ್ಷರಗಳನ್ನು ಎಣಿಸಬೇಡಿ, ಕೇಳಿಸುವ ಸ್ವರಗಳನ್ನು ಎಣಿಸಿ. 'ಮೇಕ್'ನ ಕೊನೆಯ ಇ ಬಾಯಿ ಬಿಡುವುದಿಲ್ಲ. 'ಬ್ಯೂಟಿ'ಯ ಮೊದಲಿಗೆ ಇ-ಎ-ಯು ಎಂದು ಮೂರು ನಿಂತಿದ್ದರೂ ಧ್ವನಿ ಒಂದೇ.

ಕನ್ನಡದವರಿಗೆ ಇಲ್ಲೊಂದು ವಿಶೇಷ ತೊಡಕು ಇದೆ. ನಮ್ಮ ನಾಲಿಗೆಗೆ ವ್ಯಂಜನದಲ್ಲಿ ಪದ ನಿಲ್ಲಿಸಿ ಅಭ್ಯಾಸ ಇಲ್ಲ. ಬಸ್ಸು, ಕಾರು, ಬುಕ್ಕು, ಲೈಟು ಎಂದು ಕೊನೆಗೆ ಒಂದು ಉಕಾರ ಸೇರಿಸುತ್ತೇವೆ. ಕನ್ನಡದ ಮಾತಿಗೆ ಅದು ಸರಿಯೇ, ಚೆಂದವೂ ಹೌದು. ಆದರೆ ಸಿಲಬಲ್ ಎಣಿಸುವಾಗ 'ಬಸ್ಸು' ಎರಡಾಗುತ್ತದೆ, 'ಬಸ್' ಒಂದೇ. 'ಫಿಲಂ' ಅಂದರೆ ಎರಡು, ಇಂಗ್ಲಿಷಿನ 'ಫಿಲ್ಮ್' ಒಂದೇ. 'ಸ್ಟ್ರೆಂಗ್ತ್' ಎಂಬ ಪದದಲ್ಲಿ 8 ಅಕ್ಷರ ಇದ್ದರೂ ಸಿಲಬಲ್ ಒಂದು. ಪರೀಕ್ಷೆಯಲ್ಲಿ 'ಎಷ್ಟು ಸಿಲಬಲ್' ಎಂದು ಕೇಳಿದಾಗ ಮಾರ್ಕ್ಸ್ ಹೋಗುವುದು ಹೆಚ್ಚಾಗಿ ಈ ಉಕಾರದಿಂದಲೇ. ಎಣಿಸುವ ಮೊದಲು ಅದನ್ನು ಕಿತ್ತು ಹಾಕಿ.

ಆಮೇಲೆ ತುದಿಗಳನ್ನು ಕತ್ತರಿಸಿ

ಬಹಳ ಕಡೆ ಮೊದಲು ಸಿಲಬಲ್ ಕಲಿಸಿ, ಪ್ರಿಫಿಕ್ಸ್ ಸಫಿಕ್ಸ್‌ಗಳನ್ನು ವ್ಯಾಕರಣ ಎಂದು ಬೇರೆ ಪಾಠ ಮಾಡುತ್ತಾರೆ. ಉದ್ದದ ಪದ ಓದುವಾಗ ಆ ಕ್ರಮ ತಿರುವುಮುರುವು ಆಗಬೇಕು ಎಂಬುದು ನನ್ನ ಅಭಿಪ್ರಾಯ. ಮೊದಲು ಎರಡೂ ತುದಿಯಲ್ಲಿ ಗುರುತು ಸಿಗುವುದನ್ನು ಕತ್ತರಿಸಿ. ಅಡಿಕೆ ಸುಲಿದ ಹಾಗೆ, ಸಿಪ್ಪೆ ಹೋದಮೇಲೆ ಒಳಗೆ ಉಳಿಯುವುದು ಚಿಕ್ಕದೇ.

ಮುಂದೆ ಬರುವವು: ಅನ್, ರಿ, ಡಿಸ್, ಮಿಸ್, ಪ್ರಿ, ಇನ್, ಸಬ್, ಇಂಟರ್, ಟ್ರಾನ್ಸ್. ಹಿಂದೆ ಬರುವವು: ಮೆಂಟ್, ನೆಸ್, ಫುಲ್, ಲೆಸ್, ಏಬಲ್, ಲಿ, ಷನ್, ಇಕ್, ಇಟಿ. ಇಷ್ಟು ಕಣ್ಣಿಗೆ ಪಳಗಿದರೆ ಹೈಸ್ಕೂಲಿನ ಪುಸ್ತಕದ ಉದ್ದದ ಪದಗಳಲ್ಲಿ ದೊಡ್ಡ ಪಾಲು ಹದಕ್ಕೆ ಬರುತ್ತದೆ. ಉರು ಹೊಡೆಯಬೇಡಿ. ಪೇಪರ್‌ನಲ್ಲೋ ಪಾಠದಲ್ಲೋ ಕಂಡಾಗ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ಸಾಕು.

ತುದಿ ಕತ್ತರಿಸಿದಾಗ ಉಳಿದ ಪದ ಸ್ವಲ್ಪ ಬದಲಾದ ಹಾಗೆ ಕಾಣಬಹುದು. ಇಲ್ಲೇ ಸಂಧಿ ಕೆಲಸಕ್ಕೆ ಬರುವುದು.

ಮಾತು + ಇಲ್ಲ = ಮಾತಿಲ್ಲ. ಉಕಾರ ಲೋಪ. 'ಹೋಪ್' ಪದಕ್ಕೆ 'ಇಂಗ್' ಸೇರಿದಾಗಲೂ ಹೀಗೇ, ಕೊನೆಯ ಇ ಬಿದ್ದುಹೋಗುತ್ತದೆ. ರೈಟ್-ರೈಟಿಂಗ್, ಮೇಕ್-ಮೇಕಿಂಗ್ ಎಲ್ಲವೂ ಇದೇ ಜಾತಿ.

ಮನೆ + ಅನ್ನು = ಮನೆಯನ್ನು. ಯಕಾರ ಆಗಮ. 'ಸ್ಟಾಪ್' ಪದಕ್ಕೆ ಇ-ಡಿ ಸೇರಿದಾಗ ಇನ್ನೊಂದು ಪಿ ಬಂದು ಕೂರುತ್ತದೆ. ರನ್ನಿಂಗ್‌ನಲ್ಲಿ ಎರಡು ಎನ್, ಸ್ವಿಮ್ಮಿಂಗ್‌ನಲ್ಲಿ ಎರಡು ಎಂ. ಒಂದೇ ಸಿಲಬಲ್‌ನ ಪದ, ಒಂದೇ ಸ್ವರಾಕ್ಷರ, ಕೊನೆಗೆ ಒಂದೇ ವ್ಯಂಜನ ಇದ್ದು, ಸೇರುವ ಸಫಿಕ್ಸ್ ಸ್ವರದಿಂದ ಶುರುವಾದರೆ ಹೀಗಾಗುತ್ತದೆ. ಡಬ್ಲ್ಯು, ಎಕ್ಸ್, ವೈ ಕೊನೆಗಿದ್ದರೆ ಆಗುವುದಿಲ್ಲ. ಈ ಜೋಡಿ ಅಕ್ಷರ ಓದುವಾಗಲೂ ಉಪಕಾರಿ. ಒಂದೇ ಪಿ ಇದ್ದರೆ 'ಹೋಪಿಂಗ್', ಅಂದರೆ ಆಸೆ ಇಟ್ಟುಕೊಳ್ಳುವುದು. ಎರಡು ಪಿ ಇದ್ದರೆ 'ಹಾಪಿಂಗ್', ಕುಪ್ಪಳಿಸುವುದು.

ಮಳೆ + ಕಾಲ = ಮಳೆಗಾಲ. ಒಂದರ ಜಾಗಕ್ಕೆ ಇನ್ನೊಂದು. 'ಹ್ಯಾಪಿ'ಗೆ 'ನೆಸ್' ಸೇರಿದಾಗ ವೈ ಹೋಗಿ ಐ ಬರುತ್ತದೆ. 'ಬ್ಯೂಟಿ'ಗೆ 'ಫುಲ್' ಸೇರಿದಾಗಲೂ ಅಷ್ಟೇ. ಹಾಗಾಗಿ ತುದಿ ಕತ್ತರಿಸಿದ ಮೇಲೆ ಪದ ಐ ಅಕ್ಷರದಲ್ಲಿ ನಿಂತರೆ, ಅದರ ಜಾಗಕ್ಕೆ ವೈ ಹಾಕಿ ನೋಡಿ. ಗೊತ್ತಿರುವ ಪದ ಸಿಗುತ್ತದೆ.

ಇನ್ನೊಂದು ನನಗೆ ತುಂಬ ಇಷ್ಟ. ಸತ್ + ಜನ = ಸಜ್ಜನ. ಮುಂದಿನ ಅಕ್ಷರದ ಬಣ್ಣ ಹಿಂದಿನದಕ್ಕೂ ಹತ್ತಿಬಿಡುತ್ತದೆ. ಇಂಗ್ಲಿಷಿನ 'ಇನ್' ಎಂಬ ಇಲ್ಲ-ಅಲ್ಲ ಹೇಳುವ ಪ್ರಿಫಿಕ್ಸ್ ಹೀಗೇ ಮಾಡುತ್ತದೆ. ಲೀಗಲ್ ಮುಂದೆ ಬಂದರೆ 'ಇಲ್‌ಲೀಗಲ್', ರೆಗ್ಯುಲರ್ ಮುಂದೆ 'ಇರ್‌ರೆಗ್ಯುಲರ್', ಪಾಸಿಬಲ್ ಮುಂದೆ 'ಇಂಪಾಸಿಬಲ್'. ಇಲ್‌ಲೀಗಲ್‌ಗೆ ಎಲ್ ಒಂದೋ ಎರಡೋ ಎಂಬ ಅನುಮಾನ ಇನ್ನು ಬರಬಾರದು. ಒಂದು ಪ್ರಿಫಿಕ್ಸ್‌ನದು, ಇನ್ನೊಂದು ಪದದ್ದು.

ಸ್ಪೆಲ್ಲಿಂಗ್ ತಪ್ಪುವ ಎಷ್ಟೋ ಪದಗಳು ಈ ಲೆಕ್ಕದಲ್ಲಿ ತಾವಾಗಿಯೇ ಸರಿಯಾಗುತ್ತವೆ. 'ಡಿಸಪಾಯಿಂಟ್' ಅಂದರೆ ಡಿಸ್ + ಅಪಾಯಿಂಟ್. ಎಸ್ ಒಂದು, ಪಿ ಎರಡು. 'ಮಿಸ್‌ಸ್ಪೆಲ್' ಅಂದರೆ ಮಿಸ್ + ಸ್ಪೆಲ್, ಆದ್ದರಿಂದ ಎಸ್ ಎರಡು. ಸ್ಪೆಲ್ಲಿಂಗ್ ತಪ್ಪು ಎಂಬ ಪದದ ಸ್ಪೆಲ್ಲಿಂಗನ್ನೇ ಜನ ಆಗಾಗ ತಪ್ಪುವುದು ಒಂದು ತಮಾಷೆ. 'ಗವರ್ನಮೆಂಟ್' ಬರೆಯುವಾಗ ನಡುವಿನ ಎನ್ ಬಿಟ್ಟುಹೋಗುತ್ತದೆ, ಯಾಕೆಂದರೆ ಅದು ಸರಿಯಾಗಿ ಕೇಳಿಸುವುದೇ ಇಲ್ಲ. ಗವರ್ನ್ + ಮೆಂಟ್ ಎಂದು ಬಿಡಿಸಿ, ಎನ್ ಅಲ್ಲೇ ಇದೆ. 'ಎನ್ವಿರಾನ್‌ಮೆಂಟ್' ಕೂಡ ಹಾಗೆಯೇ, ಎನ್ವಿರಾನ್ + ಮೆಂಟ್. ಪಶ್ಚಿಮ ಘಟ್ಟದ ಬಗ್ಗೆ ಪ್ರಬಂಧ ಬರೆಯುವ ಮಕ್ಕಳು ದಯವಿಟ್ಟು ಇದೊಂದನ್ನು ಗಮನಿಸಿ.

ಉಳಿದದ್ದನ್ನು ಧ್ವನಿಯಿಂದ ಒಡೆಯಿರಿ

ಎರಡು ಸ್ವರಗಳ ನಡುವೆ ಎರಡು ವ್ಯಂಜನ ಇದ್ದರೆ, ಆ ಎರಡರ ನಡುವೆ ಗೆರೆ ಎಳೆಯಿರಿ. ಬಾಸ್-ಕೆಟ್. ಡಾಕ್-ಟರ್. ಪೆನ್-ಸಿಲ್.

ಕನ್ನಡ ಲಿಪಿಯ ಅಭ್ಯಾಸ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ನಾವು 'ಬಾಸ್ಕೆಟ್' ಎಂದು ಬರೆದಾಗ ಸ ಮತ್ತು ಕ ಒತ್ತಕ್ಷರವಾಗಿ ಒಂದಾಗುತ್ತವೆ, ಹಾಗಾಗಿ ಬಾ-ಸ್ಕೆಟ್ ಎಂದು ಒಡೆಯುವ ಮನಸ್ಸಾಗುತ್ತದೆ. ಆದರೆ ಪ್ರಸ್ತಾರ ನೆನಪು ಮಾಡಿಕೊಳ್ಳಿ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರಲ್ಲ? 'ಅಕ್ಕ'ದ ಅಕಾರ ಹ್ರಸ್ವವಾದರೂ ಗುರು ಆಗುವುದು ನಾವು ಅದನ್ನು ಅಕ್-ಕ ಎಂದು ಹೇಳುವುದರಿಂದ. ಕಣ್ಣಿಗೆ ಕಾಣುವುದು ಅ-ಕ್ಕ, ಕಿವಿಗೆ ಕೇಳುವುದು ಅಕ್-ಕ. ಕಿವಿಯ ಮಾತು ಕೇಳಿ, ಬಾಸ್-ಕೆಟ್ ತಾನಾಗಿ ಬರುತ್ತದೆ.

ಎಸ್-ಎಚ್, ಸಿ-ಎಚ್, ಟಿ-ಎಚ್, ಪಿ-ಎಚ್, ಸಿ-ಕೆ ಜೋಡಿಗಳನ್ನು ಮಾತ್ರ ಒಡೆಯಬೇಡಿ. ಅಕ್ಷರ ಎರಡು, ಧ್ವನಿ ಒಂದು. ಸಂಯುಕ್ತ ಪದದಲ್ಲಿ ಎರಡು ಪದ ಸೇರುವ ಕಡೆ ಹೀಗೆ ಬಂದರೆ ಆ ಮಾತು ಬೇರೆ.

ನಡುವೆ ಒಂದೇ ವ್ಯಂಜನ ಇದ್ದರೆ? ಮೊದಲು ವ್ಯಂಜನದ ಹಿಂದೆ ಗೆರೆ ಎಳೆದು, ಸ್ವರವನ್ನು ದೀರ್ಘವಾಗಿ ಹೇಳಿ. ಟೈ-ಗರ್, ಹೋ-ಟೆಲ್, ಮ್ಯೂ-ಸಿಕ್. ಗೊತ್ತಿರುವ ಪದ ಬಂತು, ಮುಗಿಯಿತು. ಈಗ ನದಿ ಎಂಬ ಪದಕ್ಕೆ ಅದೇ ಮಾಡಿ: ರೈ-ವರ್. ಇಂಥ ಪದ ಕೇಳಿಲ್ಲ. ಗೆರೆಯನ್ನು ವ್ಯಂಜನದ ಆಚೆಗೆ ದಾಟಿಸಿ ಸ್ವರವನ್ನು ಹ್ರಸ್ವ ಮಾಡಿ: ರಿವ್-ಅರ್. ತುಂಗೆ ಸಿಕ್ಕಳು. ಲೆಮನ್, ಕ್ಯಾಬಿನ್ ಇದೇ ದಾರಿ. ಮೊದಲೇ ಯಾವುದು ಎಂದು ತಿಳಿಯುವ ನಿಯಮ ಇಲ್ಲ. ಎರಡನ್ನೂ ಬಾಯಲ್ಲಿ ಹೇಳಿ ನೋಡುವುದೇ ಉಪಾಯ.

ಪದ ಎಲ್-ಇ ಅಕ್ಷರಗಳಲ್ಲಿ ಮುಗಿದು, ಅದರ ಹಿಂದೆ ವ್ಯಂಜನ ಇದ್ದರೆ ಆ ಮೂರೂ ಸೇರಿ ಒಂದು ಸಿಲಬಲ್. 'ಟೈಟಲ್'ನಲ್ಲಿ ಟಿ ಒಂದೇ, ಅದು ಕೊನೆಯ ತುಂಡಿಗೆ ಹೋಯಿತು, ಮೊದಲ ತುಂಡು ಬಾಯಿ ತೆರೆದೇ ಉಳಿಯಿತು: ಟೈ. 'ಲಿಟಲ್'ನಲ್ಲಿ ಟಿ ಎರಡು. ಒಂದು ಈ ಕಡೆ, ಒಂದು ಆ ಕಡೆ: ಲಿಟ್. ಸ್ವರಗಳೆರಡು ಅಕ್ಕಪಕ್ಕ ಇದ್ದು ಬೇರೆ ಬೇರೆ ಕೇಳಿಸಿದರೆ ನಡುವೆ ಒಡೆಯಿರಿ, ಲೈ-ಅನ್, ರೇ-ಡಿ-ಓ.

ಕೂಡಿಸಿ ಹೇಳುವಾಗ ಎಲ್ಲಿ ಒತ್ತಬೇಕು

ಕನ್ನಡದಲ್ಲಿ ನಾವು ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ತೂಕ ಕೊಡುತ್ತೇವೆ. ಇಂಗ್ಲಿಷ್ ಉದ್ದದ ಪದದಲ್ಲಿ ಒಂದು ಸಿಲಬಲ್ ಎದ್ದು ನಿಲ್ಲಬೇಕು. ಅದು ಎಲ್ಲಿ ಎಂದು ಎಷ್ಟೋ ಸಲ ಸಫಿಕ್ಸ್ ಹೇಳುತ್ತದೆ. 'ಷನ್' ಇದ್ದರೆ ಅದಕ್ಕಿಂತ ಹಿಂದಿನದನ್ನು ಒತ್ತಿ: ಎಜು-ಕೇ-ಷನ್‌ನಲ್ಲಿ 'ಕೇ', ಎಕ್ಸಾಮಿ-ನೇ-ಷನ್‌ನಲ್ಲಿ 'ನೇ'. 'ಇಕ್' ಇದ್ದರೂ ಬಹುಪಾಲು ಹೀಗೇ. ಪಾಲಿಟಿಕ್ಸ್, ಅರಿತ್‌ಮೆಟಿಕ್‌ನಂಥ ಕೆಲವು ಮಾತು ಕೇಳುವುದಿಲ್ಲ. 'ಲಜಿ'ಯಲ್ಲಿ ಮುಗಿದರೆ ಅದರ ಹಿಂದಿನ 'ಆಲ್' ಧ್ವನಿಯ ಮೇಲೆ ಭಾರ: ಬಯಾಲಜಿ, ಜಿಯಾಲಜಿ.

ಫೋಟೋಗ್ರಾಫ್, ಫೋಟಾಗ್ರಫಿ, ಫೋಟೋಗ್ರಾಫಿಕ್, ಈ ಮೂರನ್ನು ಜೋರಾಗಿ ಹೇಳಿ. ಭಾರ ಮೊದಲು 'ಫೋ' ಮೇಲೆ, ಆಮೇಲೆ 'ಟಾ' ಮೇಲೆ, ಕೊನೆಗೆ 'ಗ್ರಾ' ಮೇಲೆ. ಇಷ್ಟು ಕೇಳಿಸಿತು ಎಂದರೆ ಕಿವಿ ತಯಾರಾಗಿದೆ.

ಈಗ ಊರಿನ ಪದಗಳು

ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ. ಅದರ ಬಗ್ಗೆ ಇಂಗ್ಲಿಷಿನಲ್ಲಿ ಏನೇ ಓದಿದರೂ 'ವೈರಲ್ ಹೆಮರ‍್ಯಾಜಿಕ್ ಫೀವರ್' ಎಂಬ ಮಾತು ಎದುರಾಗುತ್ತದೆ. ನಡುವಿನ ಪದ ಬರೆದುಕೊಳ್ಳಿ: ಎಚ್-ಎ-ಇ-ಎಂ-ಒ, ಆಮೇಲೆ ಆರ್-ಆರ್-ಎಚ್-ಎ-ಜಿ, ಕೊನೆಗೆ ಐ-ಸಿ.

ಕೊನೆಯ 'ಇಕ್' ಗುರುತಿನದು, ಕತ್ತರಿಸಿ. ಮುಂದಿನ 'ಹೀಮೋ' ಅಂದರೆ ರಕ್ತ, ಗ್ರೀಕ್ ಮೂಲದ್ದು. ಹಿಮೋಗ್ಲೋಬಿನ್‌ನಲ್ಲಿ ಇರುವುದೂ ಅದೇ. ಅನೀಮಿಯಾದಲ್ಲಿಯೂ ಅದೇ, ಅಲ್ಲಿ ಮುಂದೆ 'ಇಲ್ಲ' ಎನ್ನುವ 'ಅನ್' ಸೇರಿ ಎಚ್ ಲೋಪವಾಗಿದೆ. ನಡುವಿನ ತುಂಡಿಗೆ ಒಡೆದು ಹರಿಯುವುದು ಎಂಬ ಅರ್ಥ. ಒಟ್ಟು ಸೇರಿಸಿದರೆ ರಕ್ತಸ್ರಾವದ ಜ್ವರ. ಆ ಎರಡು ಆರ್, ಒಂದು ಎಚ್ ಕೂಡ ಗ್ರೀಕ್ ಮನೆಯವೇ. ಭೇದಿಗೆ ಹೇಳುವ ಡಯೇರಿಯಾದಲ್ಲೂ ಹೀಗೇ ಇದೆ. ಧ್ವನಿಗೆ ಬಂದರೆ ಹೆಮ್-ಅ-ರ‍್ಯಾಜ್-ಇಕ್, ನಾಲ್ಕು ಸಿಲಬಲ್. 'ಇಕ್' ಇದೆಯಲ್ಲ, ಹಾಗಾಗಿ ಭಾರ 'ರ‍್ಯಾಜ್' ಮೇಲೆ. ಅಮೆರಿಕದ ಪುಸ್ತಕಗಳಲ್ಲಿ ಮೊದಲ ಎ ಇರುವುದಿಲ್ಲ, ಕಂಗಾಲಾಗಬೇಡಿ.

ಜೋಗದ ವಿದ್ಯುತ್ತಿನ ಪಾಠದಲ್ಲಿ 'ಹೈಡ್ರೋಎಲೆಕ್ಟ್ರಿಕ್' ಬರುತ್ತದೆ. ಹೈಡ್ರೋ ಅಂದರೆ ನೀರು. ಹೈ-ಡ್ರೋ-ಇ-ಲೆಕ್-ಟ್ರಿಕ್, ಐದು. ಆಗುಂಬೆಯ ಕಾಳಿಂಗ ಸರ್ಪವನ್ನು ಅಧ್ಯಯನ ಮಾಡುವವರು 'ಹರ್ಪಿಟಾಲಜಿಸ್ಟ್'. ಕೊನೆಯ 'ಇಸ್ಟ್' ಮಾಡುವವರು, 'ಲಜಿ' ಶಾಸ್ತ್ರ, 'ಹರ್ಪಿಟೋ' ತೆವಳುವ ಜೀವಿ. ಕಾಳಿಂಗದ ವೈಜ್ಞಾನಿಕ ಹೆಸರಿನ ಮೊದಲ ಪದ 'ಓಫಿಯೋಫೇಗಸ್', ಹಾವು + ತಿನ್ನುವುದು. ಬೇರೆ ಹಾವುಗಳನ್ನೇ ಹಿಡಿದು ತಿನ್ನುವ ಹಾವಿಗೆ ಸರಿಯಾದ ಹೆಸರೇ. ತೋಟಗಾರಿಕೆ ಇಲಾಖೆಯ 'ಹಾರ್ಟಿಕಲ್ಚರ್' ಬಿಡಿಸಿದರೆ ತೋಟ + ಬೇಸಾಯ. 'ಕಲ್ಚರ್' ಹಾಗೇ ಇಟ್ಟು ಮುಂದಿನದನ್ನು ಬದಲಿಸಿ: ಅಗ್ರಿ ಹೊಲ, ಎಪಿ ಜೇನು, ಸೆರಿ ರೇಷ್ಮೆ, ಫ್ಲೋರಿ ಹೂವು. ಒಂದು ಪದ ಬಿಡಿಸಿದ್ದಕ್ಕೆ ನಾಲ್ಕು ಪುಕ್ಕಟೆ.

ಎಲ್ಲಿ ಕೈ ಹಿಡಿಯಬೇಕು

'ಅಂಕಲ್' ಪದದ ಮೊದಲಿಗೆ ಯು-ಎನ್ ಇದೆ ಎಂದು ಅದು ಪ್ರಿಫಿಕ್ಸ್ ಆಗುವುದಿಲ್ಲ. 'ರಿಯಲ್'ನಲ್ಲಿ ಆರ್-ಇ, 'ಮಿಸ್ಟರ್'ನಲ್ಲಿ ಎಂ-ಐ-ಎಸ್ ಕೂಡ ಹಾಗೇ. ಪರೀಕ್ಷೆ ಸುಲಭ: ಕತ್ತರಿಸಿದ ಮೇಲೆ ಉಳಿದದ್ದಕ್ಕೆ ಅರ್ಥ ಇದೆಯಾ, ಆ ಅರ್ಥಕ್ಕೂ ಇಡೀ ಪದಕ್ಕೂ ಸಂಬಂಧ ಇದೆಯಾ ನೋಡಿ. ಇಲ್ಲದಿದ್ದರೆ ಬಿಟ್ಟುಬಿಡಿ, ಧ್ವನಿಯಿಂದ ಮಾತ್ರ ಒಡೆಯಿರಿ.

ಕೆಲವು ಪದಗಳನ್ನು ಬರೆಯುವುದು ಒಂದು, ಹೇಳುವುದು ಇನ್ನೊಂದು. 'ವೆನ್ಸ್‌ಡೇ' ಬಾಯಲ್ಲಿ ಎರಡೇ ಸಿಲಬಲ್. ಬರೆಯುವಾಗ ಮನಸ್ಸಿನಲ್ಲೇ 'ವೆಡ್-ನೆಸ್-ಡೇ' ಅಂದುಕೊಳ್ಳಿ, ಸ್ಪೆಲ್ಲಿಂಗ್ ತಪ್ಪುವುದಿಲ್ಲ. 'ಬಿಜ್‌ನೆಸ್' ಬರೆಯುವಾಗ 'ಬ್ಯುಸಿ-ನೆಸ್' ಅನ್ನಿ. ಹೊರಗೆ ಮಾತ್ರ ಹೇಳಬೇಡಿ.

ಡಿಕ್ಷನರಿಯಲ್ಲಿ ಪದದ ನಡುವೆ ಚುಕ್ಕೆ ಇಟ್ಟಿರುತ್ತಾರೆ. ಹಲವು ಡಿಕ್ಷನರಿಗಳಲ್ಲಿ ಅದು ಸಾಲಿನ ಕೊನೆಯಲ್ಲಿ ಪದವನ್ನು ಎಲ್ಲಿ ಮುರಿಯಬಹುದು ಎಂಬ ಗುರುತು, ಉಚ್ಚಾರಣೆಯ ಗೆರೆಗಳು ಪಕ್ಕದಲ್ಲಿ ಬೇರೆ ಇರುತ್ತವೆ. ಎರಡೂ ತಾಳೆಯಾಗದಿದ್ದರೆ ನಿಮ್ಮ ಗೆರೆ ತಪ್ಪು ಎಂದುಕೊಳ್ಳಬೇಕಾಗಿಲ್ಲ. ಸಿಲಬಲ್ ಎಷ್ಟು ಎನ್ನುವುದು ಮುಖ್ಯ. ಗೆರೆ ಒಂದು ಅಕ್ಷರ ಆಚೆಗೋ ಈಚೆಗೋ ಎಂಬುದರ ಬಗ್ಗೆ ಡಿಕ್ಷನರಿಗಳೇ ಒಬ್ಬರಿಗೊಬ್ಬರು ಒಪ್ಪುವುದಿಲ್ಲ.

ಅಭ್ಯಾಸಕ್ಕೆ ಬೇರೆ ಪುಸ್ತಕ ಕೊಳ್ಳಬೇಡಿ. ಅಡಿಕೆಯ ಕೊಳೆರೋಗಕ್ಕೆ ತಂದ ಔಷಧಿ ಪ್ಯಾಕೆಟ್ ಖಾಲಿಯಾಗಿ ಬಿಸಾಡುವ ಮೊದಲು ಅದರ ಹೆಸರನ್ನು ದೂರದಿಂದಲೇ ನೋಡಿ ಬರೆದುಕೊಳ್ಳಿ. 'ಕಾಪರ್ ಆಕ್ಸಿಕ್ಲೋರೈಡ್' ಇದ್ದರೆ ಎರಡನೇ ಪದ ನಿಮ್ಮದು: ಮುಂದೆ 'ಆಕ್ಸಿ', ಹಿಂದೆ 'ಐಡ್', ನಡುವೆ ಉಳಿದ ಐದು ಅಕ್ಷರ. ಪ್ಯಾಕೆಟ್ ಮೇಲೆ 'ಫಂಗಿಸೈಡ್' ಎಂದೂ ಇರುತ್ತದೆ. ಅಲ್ಲಿನ 'ಸೈಡ್' ಅಂದರೆ ಪಕ್ಕ ಅಲ್ಲ, ಕೊಲ್ಲುವುದು. ಇನ್ಸೆಕ್ಟಿಸೈಡ್, ಪೆಸ್ಟಿಸೈಡ್, ಸೂಸೈಡ್, ಸ್ಪೆಲ್ಲಿಂಗ್‌ನಲ್ಲಿ ಎಲ್ಲಕ್ಕೂ ಸಿ ಅಕ್ಷರವೇ.